ಸಂಶಯವಿರುವ ಜಾಗ

"ಅತ್ತಿಗೆ, ಏಳಿ. ಗಂಡಸರೆಲ್ಲ ಚಳೀಲಿ ನಿಂತಿದಾರೆ," ಎಂದು ಮುಹರೆಮ್ ಮತ್ತೆ ಹೇಳಿದ. ಅಲ್ಮಾಸಾ ಏಳಲಿಲ್ಲ. ಮಸೀದಿಯ ಅಂಗಳದ ಕಲ್ಲಿನ ಮೇಲೆ ಅವಳ ಗಂಡ ಶಾಚಿರನ ಹೆಣವಿದ್ದ ತಾಬೂತು ಇತ್ತು. ಅದರ ಕಾಲ ಕಡೆ ಕಪ್ಪು ಕೋಟು ಹೊದ್ದು ಕೂತುಬಿಟ್ಟಿದ್ದಳು.

ಬೋಸ್ನಿಯಾದ ಬ್ರೇಜಿಕ್ ಊರಿನ ಹೆಂಗಸರು ಮಣ್ಣಿಗೆ ಬರುವವರಲ್ಲ. ಅವರು ಸತ್ತವರ ಮನೆಯಲ್ಲಿ ಕೂತು ದುವಾ ಓದುತ್ತಾರೆ, ಒಬ್ಬಿಬ್ಬರು ಒಲೆಯ ಮುಂದೆ ಹಲ್ವಾ ತಿರುವುತ್ತಾರೆ. ಅವಳೂ ಅಲ್ಲಿರಬೇಕಿತ್ತು. ಬಂದದ್ದೇ ತಪ್ಪು, ಬಂದು ಹಟ ಹಿಡಿದದ್ದು ಇನ್ನೂ ದೊಡ್ಡ ತಪ್ಪು. ಮುಹರೆಮ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಪಕ್ಕದ ಮನೆಯವನೆಂಬ ಒಂದೇ ಕಾರಣಕ್ಕೆ ಬೆಳಗಿನಿಂದ ರಸ್ತೆ ಬದಿಯ ಸ್ಮಶಾನದಲ್ಲಿ ಹೆಪ್ಪುಗಟ್ಟಿದ ಮಣ್ಣು ಅಗೆದು ಅವನ ಸೊಂಟ ಬಿದ್ದುಹೋಗಿತ್ತು. ಎಲ್ಲ ಆದ ಮೇಲೆ ಇವಳು ಬಂದು ಅಲ್ಲಿ ಬೇಡ, ಗುಡ್ಡದ ಮೇಲೆ ಮಗನ ಪಕ್ಕ ಹೂಳಿ ಎನ್ನುತ್ತಾಳೆ.

"ಅಲ್ಲಿಗೆ ಹೋಗೋಕಾಗಲ್ಲ ಅಂತ ನಿಮಗೆ ಗೊತ್ತಿಲ್ವಾ?" ಎಂದ. "ಯುದ್ಧ ಮುಗಿದ ಮೇಲೆ ಯಾರನ್ನ ಅಲ್ಲಿ ಹೂಳಿದೀವಿ ಹೇಳಿ. ನಮ್ಮಮ್ಮನ್ನೂ ಲಾರಿ ಧೂಳು ಕುಡೀಲಿ ಅಂತ ರಸ್ತೆ ಪಕ್ಕದಲ್ಲೇ ಮಲಗಿಸಿದ್ದು."

"ಹುಡುಗನ ಪಕ್ಕ ಅಂತ ಕೇಳ್ಕೊಂಡ್ರು."

"ಸಾಯೋರು ಏನು ಬೇಕಾದ್ರೂ ಕೇಳ್ತಾರೆ. ಹೊರೋರು ನಾವು."

ಮಾತು ಕೈಮೀರುವ ಹಾಗೆ ಕಂಡಾಗಲೇ ಅವನು ಪೇಟೆಯ ನೆಲಬಾಂಬು ತೆರವು ಕಚೇರಿಗೆ ಫೋನು ಮಾಡಿದ್ದ. ಅಲ್ಲಿಂದ ಸ್ನೆಜಾನಾ ಎಂಬಾಕೆ ಬಿಳಿ ಜೀಪಿನಲ್ಲಿ ಬಂದಿದ್ದಳು. ನರೆತ ಕೂದಲು, ರಬ್ಬರ್ ಬೂಟು, ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಅವಳು ಅಲ್ಮಾಸಾಳ ಪಕ್ಕ ಕುಕ್ಕರುಗಾಲಲ್ಲಿ ಕೂತು ಸಮಾಧಾನವಾಗಿಯೇ ಹೇಳಿದಳು. "ಅಮ್ಮಾ, ಆ ಗುಡ್ಡ ಪೂರ್ತಿ ನೆಲಬಾಂಬಿನ ಸಂಶಯವಿರೋ ಜಾಗ. ತೆರವಾಗೋ ತನಕ ಬೇಲಿ ಹಾಕಿ ಜನರನ್ನ ಒಳಗೆ ಬಿಡದೆ ಕಾಯ್ಬೇಕು ಅಂತ ಒಪ್ಪಂದದಲ್ಲೇ ಇದೆ."

"ಯಾವಾಗ ತೆರವಾಗತ್ತೆ?"

ನಿಂತಿದ್ದವರಲ್ಲಿ ಒಬ್ಬಿಬ್ಬರು ಕೆಮ್ಮಿದರು. ಹೆಣದ ಮುಂದೆ ನಗಬಾರದಲ್ಲ, ಅದಕ್ಕೆ.

ಒಪ್ಪಂದವೇನೋ ಒಳ್ಳೆಯದೇ. ನೂರಾರು ದೇಶದವರು ದೂರದಲ್ಲೆಲ್ಲೋ ಕೂತು, ನೆಲಬಾಂಬು ಮಾಡಬಾರದು, ಮಾರಬಾರದು, ಹೂಳಬಾರದು, ಹೂಳಿದ್ದನ್ನು ಹತ್ತು ವರ್ಷದೊಳಗೆ ತೆಗೆಯಬೇಕು ಎಂದು ಬರೆದು ಸಹಿ ಹಾಕಿದರು. ಬೋಸ್ನಿಯಾ ಸರ್ಕಾರವೂ ಹಾಕಿತು. ಅದರಿಂದ ಎಷ್ಟು ಜನರ ಕಾಲು ಉಳಿಯಿತೋ, ಅಲ್ಲವೆನ್ನಲು ಯಾರಿಗೂ ಬಾಯಿಲ್ಲ. ಆದರೆ ಹತ್ತು ವರ್ಷ ಮುಗಿಯಿತು, ಇನ್ನಷ್ಟು ವಾಯಿದೆ ಕೇಳಿದರು. ಅದೂ ಮುಗಿಯಿತು, ಮತ್ತೆ ಕೇಳಿದರು. ಬ್ರೇಜಿಕ್‌ನಲ್ಲಿ ಈಗ ಬಡಗಿ ಬಾಗಿಲು ಮಾಡಿಕೊಡಲು ತಡ ಮಾಡಿದರೆ, "ಏನಪ್ಪಾ, ನೆಲಬಾಂಬಿನ ವಾಯಿದೇನಾ?" ಎಂದು ಕೇಳುತ್ತಾರೆ.

"ಪಟ್ಟಿಯಲ್ಲಿದೆ ಅಮ್ಮಾ," ಎಂದಳು ಸ್ನೆಜಾನಾ. ಹೇಳಿದ ಅವಳಿಗೇ ಬೇಸರವಾಯಿತು.

*

ಮಗ ಆದೆಮ್ ತೀರಿಕೊಂಡದ್ದು ಯುದ್ಧಕ್ಕೆ ಮುಂಚೆ, ಮಿದುಳು ಜ್ವರದಿಂದ. ಇನ್ನೂ ಹಾಲು ಹಲ್ಲು ಪೂರ್ತಿ ಬಿದ್ದಿರದ ಹುಡುಗ. ಅವನನ್ನು ಗುಡ್ಡದ ಮೇಲಿನ ಸ್ಮಶಾನದಲ್ಲಿ ಮಲಗಿಸಿದರು. ಅಲ್ಲಿಗೆ ಹೋಗುವ ದಾರಿ ಶಾಚಿರನ ಪ್ಲಮ್ ತೋಟದ ನಡುವೆಯೇ ಹಾದುಹೋಗುತ್ತಿತ್ತು.

ಯುದ್ಧ ಮುಗಿದು ಗಂಡ ಹೆಂಡತಿ ಮರಳಿ ಬಂದಾಗ ಮನೆಗೆ ಸೂರಿಲ್ಲ, ಕೊಟ್ಟಿಗೆಗೆ ಗೋಡೆಯಿಲ್ಲ. ಮರಗಳು ಮಾತ್ರ ಏನೂ ಆಗದವರ ಹಾಗೆ ನಿಂತು ಹಣ್ಣು ಬಿಟ್ಟಿದ್ದವು. ಅದೇ ಅವರ ಬದುಕಾಯಿತು. ಆದರೆ ಹಣ್ಣಾಗುವುದೇ ತಡ, ಕಳವು. ಹೊರಗಿನವರೂ ಅಲ್ಲ, ಊರಿನವರೇ. ಹಗಲು ಬಂದು ಕಾಫಿ ಕುಡಿದು ಸುಖದುಃಖ ವಿಚಾರಿಸಿ ಹೋದವರೇ ಸಂಜೆ ಬುಟ್ಟಿ ತುಂಬಿಕೊಳ್ಳುತ್ತಿದ್ದರು. ಶಾಚಿರ್ ನಾಯಿ ಕಟ್ಟಿದ. ನಾಯಿಗೆ ಊರಿನವರೆಲ್ಲ ಗುರುತು, ಬಾಲ ಅಲ್ಲಾಡಿಸಿತು.

ಆಗ ಅವನಿಗೆ ಆ ಹಾಳು ಬುದ್ಧಿ ಬಂತು. ಎಲ್ಲಿಂದಲೋ ಎರಡು ಕೆಂಪು ತಗಡಿನ ಬೋರ್ಡು ತಂದ. ತಲೆಬುರುಡೆ, ಎಲುಬು, ಕೆಳಗೆ ನೆಲಬಾಂಬಿನ ಎಚ್ಚರಿಕೆ. ಅವನ್ನು ತೋಟದ ತಂತಿಗೆ ಕಟ್ಟಿದ. ಅಂದಿನಿಂದ ಒಂದು ಹಣ್ಣೂ ಕಳವಾಗಲಿಲ್ಲ. ತಾನು ಮಾತ್ರ ಊರು ಏಳುವ ಮುಂಚೆ ಹಿಂದಿನ ಸಂದಿಯಿಂದ ನುಗ್ಗಿ ಕುಯ್ದು ತಂದು ಪಾಕ ಕಾಯಿಸುತ್ತಿದ್ದ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗಾಯಿತು ಎಂದು ಅಲ್ಮಾಸಾ ಬೈದರೆ, ಇದೊಂದು ಬೆಳೆ ಮುಗೀಲಿ, ಕಿತ್ತು ಬಿಸಾಕ್ತೀನಿ ಎಂದ.

ಬೆಳೆ ಮುಗಿಯುವ ಮೊದಲೇ ಸರ್ವೆಯವರು ಬಂದರು. ಬೋರ್ಡು ನೋಡಿದರು, ತೋಟ ಯಾರದೆಂದು ಕೇಳಿದರು. ಬೋರ್ಡು ಕಿತ್ತವರಿಗೆ ಜೈಲು ಎಂದು ಜೀಪಿನ ಮೈಮೇಲೆಯೇ ಬರೆದಿತ್ತು. ಶಾಚಿರ್ ಬಾಯಿ ಬಿಡಲಿಲ್ಲ. ಅವರು ನಕ್ಷೆಯ ಮೇಲೆ ಕೆಂಪು ಗೆರೆ ಎಳೆದರು. ತೋಟದಾಚೆಯ ಗುಡ್ಡಕ್ಕೆ ಬೇರೆ ದಾರಿಯಿಲ್ಲವಾದ್ದರಿಂದ ಗೆರೆ ಗುಡ್ಡವನ್ನೂ ಸ್ಮಶಾನವನ್ನೂ ಸುತ್ತಿಕೊಂಡು ಬಂತು. ಆ ರಾತ್ರಿ ಅವನು ಊಟ ಮಾಡಲಿಲ್ಲ. ನಾಳೆ ಪೇಟೆಗೆ ಹೋಗಿ ನಿಜ ಹೇಳಿಬರುತ್ತೇನೆ ಎಂದ. ಆ ನಾಳೆಗೂ ವಾಯಿದೆಯ ಮೇಲೆ ವಾಯಿದೆ ಸಿಕ್ಕಿತು.

*

ಇಮಾಮರು ಪ್ರಾರ್ಥನೆ ಮುಗಿಸಿದರು. ಅಲ್ಮಾಸಾ ಅಷ್ಟು ಹೊತ್ತು ಎದ್ದು ಗೋಡೆಯ ಬಳಿ ನಿಂತಿದ್ದಳು. ಹಟ ಬಿಟ್ಟಳೆಂದುಕೊಂಡು ಮುಹರೆಮ್ ನಿಟ್ಟುಸಿರುಬಿಟ್ಟ. ಇಮಾಮರು ಜನರ ಕಡೆ ತಿರುಗಿ, ಈ ಮನುಷ್ಯನ ಮೇಲೆ ನಿಮಗಿರುವ ಹಕ್ಕನ್ನೆಲ್ಲ ಬಿಟ್ಟುಕೊಟ್ಟು ಹಲಾಲ್ ಮಾಡುತ್ತೀರಾ ಎಂದು ಕೇಳಿದರು. ಮೂರು ಸಲ ಕೇಳುವುದು, ಮೂರು ಸಲವೂ ಎಲ್ಲರೂ "ಹಲಾಲ್" ಎನ್ನುವುದು. ಅಲ್ಲಿಗೆ ಸತ್ತವನು ಋಣಮುಕ್ತ. ಬೇರೆ ಉತ್ತರ ಕೊಟ್ಟವರನ್ನು ಬ್ರೇಜಿಕ್ ಕಂಡಿಲ್ಲ.

"ತಡೀರಿ," ಎಂದಳು ಅಲ್ಮಾಸಾ. "ಏನು ಬಿಟ್ಟುಕೊಡ್ತಿದೀರಿ ಅಂತ ತಿಳ್ಕೊಂಡು ಆಮೇಲೆ ಹೇಳಿ."

ಹೇಳಿದಳು. ಹಣ್ಣಿನ ಕಳವು, ಬೋರ್ಡು, ಸರ್ವೆ, ಎಲ್ಲ. ಅಳಲಿಲ್ಲ, ಗಂಡನ ಪರವಾಗಿ ವಾದಿಸಲೂ ಇಲ್ಲ. ಗುಡ್ಡದಲ್ಲಿ ಬಾಂಬೂ ಇಲ್ಲ ಬೂದಿಯೂ ಇಲ್ಲ, ನಿಮ್ಮಪ್ಪ ಅಮ್ಮಂದಿರನ್ನೆಲ್ಲ ರಸ್ತೆ ಬದಿಗೆ ತಂದು ಹಾಕಿದ್ದು ನನ್ನ ಗಂಡನ ಪ್ಲಮ್ ಹಣ್ಣು ಎಂದಳು. ಯಾರೋ ಒಬ್ಬ ಫಕ್ಕನೆ ನಕ್ಕ. ಮಿಕ್ಕವರು ನೋಡಿದ ರೀತಿಗೆ ಅವನ ನಗು ಅಲ್ಲೇ ನಿಂತಿತು.

ಸ್ನೆಜಾನಾ ಒಂದೇ ಪ್ರಶ್ನೆ ಕೇಳಿದಳು. "ಆ ಬೋರ್ಡು ಎಲ್ಲಿಂದ ಕಿತ್ತು ತಂದರು?"

ಅಲ್ಮಾಸಾ ತಾಬೂತಿನ ಕಡೆ ನೋಡುತ್ತ ಹೇಳಿದಳು. "ಹೊಳೆ ದಂಡೆ ಹುಲ್ಲುಗಾವಲಿಂದ. ಕಾಲುದಾರಿ ತಿರುಗೋ ಮೂಲೆಯಿಂದ."

ಮುಹರೆಮ್ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಆ ಮೂಲೆಯಲ್ಲಿಯೇ ಅವನ ಮನೆಯ ಹೆಣ್ಣುಕುದುರೆ ನೆಲಬಾಂಬು ಸಿಡಿದು ಸತ್ತಿತ್ತು. ಗಾಡಿಗೆ, ನೇಗಿಲಿಗೆ, ಸೌದೆಗೆ ಮನೆಯಲ್ಲಿದ್ದದ್ದು ಅದೊಂದೇ. ಮೇಯಲು ಬಿಟ್ಟವನು ಅವನೇ.

"ಬೋರ್ಡಿರಲಿಲ್ಲ ಅಂತ ನಾನು ಬಡ್ಕೊಂಡೆ," ಎಂದ. ಅವನ ದನಿ ಸಣ್ಣದಾಗಿತ್ತು. "ನಮ್ಮಪ್ಪ ನಂಬಲಿಲ್ಲ. ಅಷ್ಟು ದೊಡ್ಡ ಬೋರ್ಡು ಕಾಣದ ಕುರುಡ ಅಂತ ಸಾಯೋವರೆಗೂ ಬೈದ. ಕೊನೆಕೊನೆಗೆ ನಂಗೇ ಅನ್ನಿಸಿಬಿಟ್ಟಿತ್ತು, ಇತ್ತೇನೋ, ನಾನೇ ನೋಡ್ಲಿಲ್ವೇನೋ ಅಂತ."

ಸತ್ತವರ ಮುಂದೆ ಇದೆಲ್ಲ ಬೇಡ ಎಂದರು ಇಮಾಮರು.

"ಸತ್ತವರ ಮುಂದೇನೇ ಆಗ್ಲಿ ಇಮಾಮರೇ. ಬದುಕಿದ್ದಾಗ ದಿನಾ ನಮ್ಮನೆ ಜಗಲೀಲಿ ಕೂತು ಕಾಫಿ ಕುಡಿದ್ರು. ಒಂದು ದಿನ ಬಾಯಿ ಬಿಟ್ರಾ?" ಮುಹರೆಮ್ ಅಲ್ಮಾಸಾಳ ಕಡೆ ತಿರುಗಿದ. "ಹಲಾಲ್ ಆಮೇಲೆ ನೋಡೋಣ. ಅಲ್ಲೇನೂ ಇಲ್ಲ ಅಂದ್ರಲ್ಲ, ಸರಿ. ನೀವು ಮುಂದೆ ನಡೀರಿ ಅತ್ತಿಗೆ. ನಾವು ಹೊತ್ಕೊಂಡು ಹಿಂದೆ ಬರ್ತೀವಿ."

ಸ್ನೆಜಾನಾ ಅಡ್ಡ ಬಂದಳು. ನಕ್ಷೆಗೆ ಹತ್ತಿದ್ದನ್ನು ಬಾಯಿಮಾತಿನಿಂದ ಅಳಿಸಲಾಗದು, ಬೋರ್ಡು ಸುಳ್ಳಾದ ಮಾತ್ರಕ್ಕೆ ನೆಲವೂ ಸುಳ್ಳೇ ಎಂದು ಯಾರು ಹೇಳಿದರು, ಇಲ್ಲೇನೂ ಇಲ್ಲ ಎಂದು ಮಾಲೀಕ ಆಣೆ ಮಾಡಿದ ತೋಟದಲ್ಲಿಯೇ ತನ್ನ ಜೊತೆಗಾರನ ಕಾಲು ಹೋಯಿತು ಎಂದಳು. ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

*

ಅಂಗಳದಲ್ಲಿ ಅಲ್ಮಾಸಾ ಹೇಳದೆ ಬಿಟ್ಟದ್ದೂ ಒಂದಿತ್ತು.

ಮೊದಮೊದಲು ಗಂಡ ಹೆಂಡತಿ ಕದ್ದು ಹೋಗಿ ಹುಡುಗನ ಗೋರಿಯ ಹುಲ್ಲು ಕಿತ್ತು ಬರುತ್ತಿದ್ದರು. ಹೊರದೇಶದ ಸಂಘದವರು ಬಂದು ಬೇಲಿಯ ಮುಂದೆ ಶಾಚಿರನನ್ನು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಮುಖ ಹೇಗೆ ಇಟ್ಟುಕೊಳ್ಳಬೇಕೆಂದು ಅವನಿಗೆ ರೂಢಿಯಾಗಿಬಿಟ್ಟಿತ್ತು. ಮಗನ ಗೋರಿಗೂ ಹೋಗಲಾಗದ ತಂದೆ ಎಂದು ಅವರ ಪುಸ್ತಕದಲ್ಲಿ ಅಚ್ಚಾಯಿತು. ಅಲ್ಮಾಸಾ ಅದನ್ನು ಒಲೆಗೆ ಹಾಕಿದಳು.

ಆಮೇಲೊಂದು ಶರತ್ಕಾಲದಲ್ಲಿ ಗುಡ್ಡದ ಆ ಬದಿಯಲ್ಲೆಲ್ಲೋ ಢಂ ಎಂದಿತು. ನರಿ ತುಳಿಯಿತೆಂದರು ಕೆಲವರು, ಕಲ್ಲಿನ ಗಣಿಯವರದೆಂದರು ಇನ್ನು ಕೆಲವರು. ಯಾರೂ ಹೋಗಿ ನೋಡಲಿಲ್ಲ. ಅಂದಿನಿಂದ ಶಾಚಿರ್ ತೋಟಕ್ಕೆ ಕಾಲಿಡಲಿಲ್ಲ. ಹಣ್ಣು ಉದುರಿ ಕೊಳೆಯಿತು. ಬೋರ್ಡು ಕಟ್ಟಿದ್ದು ನೀನೇ ಅಲ್ಲವೇ ಎಂದು ಅವಳು ರೇಗಿದರೆ, ಕಟ್ಟಿದ್ದು ನಾನೇ, ಆದರೆ ನಾವು ಊರಲ್ಲಿ ಇಲ್ಲದಾಗ ಅಲ್ಲಿ ಯಾವ ಸೈನ್ಯ ಏನು ಹೂತಿತ್ತು ಅಂತ ನಂಗೇನು ಗೊತ್ತು ಎಂದ. ಅವಳೂ ಹೋಗುವುದು ನಿಂತಿತು.

ಹುಡುಗನ ಪಕ್ಕ ಮಲಗಿಸು ಎಂದು ಅವನು ಕೊನೆಗೆ ಕೇಳಿಕೊಂಡಾಗ ಅವಳು ಬಗ್ಗಿ, "ಅಲ್ಲೇನೂ ಇಲ್ಲ ತಾನೇ?" ಎಂದು ಕೇಳಿದ್ದಳು. ಅವನು ಅವಳನ್ನೇ ನೋಡಿದ. ಉತ್ತರ ಕೊಡದೆ ಕಣ್ಣು ಮುಚ್ಚಿದ.

*

ತಾಬೂತನ್ನು ಹೆಗಲಿಂದ ಹೆಗಲಿಗೆ ದಾಟಿಸುತ್ತ, ನಾನು ತಾನೆಂದು ನುಗ್ಗಿ ಹೊರುವುದು ಪದ್ಧತಿ. ತೋಟದ ಬೇಲಿಯ ಬಳಿ ಬಂದಾಗ ಆ ನುಗ್ಗುವಿಕೆ ನಿಂತಿತು. ಒಳಗೆ ಮಾರ್ಚ್ ತಿಂಗಳ ತೆಳು ಹಿಮ, ಯಾರೂ ತುಳಿಯದ್ದು. ಸ್ನೆಜಾನಾ ಪೊಲೀಸರಿಗೆ ಫೋನು ಮಾಡಿದಳು. ಅವರು ಬರುವಷ್ಟರಲ್ಲಿ ಏನಾಗುತ್ತದೋ ಎಂದು ಜೀಪಿನಿಂದ ಔಷಧದ ಚೀಲ ತಂದು ಬಿಚ್ಚಿಟ್ಟುಕೊಂಡು ತಂತಿಯ ಪಕ್ಕ ನಿಂತಳು.

ಅಲ್ಮಾಸಾ ತಂತಿ ದಾಟಿದಳು. ಹಿಂದೆ ಮುಹರೆಮ್ ಮತ್ತು ಇನ್ನೊಬ್ಬ, ಇಬ್ಬರೇ ಉದ್ದಕ್ಕೆ ಹೊತ್ತರು. ಶಾಚಿರ್ ಕೊನೆಗೆ ಎಲುಬಿನ ಗೂಡಾಗಿದ್ದ, ಇಬ್ಬರು ಸಾಕಾಯಿತು. ಅವರ ಹಿಂದೆ ಇಮಾಮರು, ಗುದ್ದಲಿ ಹಿಡಿದ ನಾಲ್ಕಾರು ಜನ, ಒಬ್ಬರ ಹೆಜ್ಜೆಯ ಮೇಲೆ ಒಬ್ಬರು. ಉಳಿದವರು ಹೊರಗೇ ನಿಂತರು.

ದಾರಿಯುದ್ದಕ್ಕೂ ಅವಳು ಗಂಡನನ್ನು ಬೈಯುತ್ತ ನಡೆದಳು. ನಾಲ್ಕು ಬುಟ್ಟಿ ಹಣ್ಣು ಯಾರೋ ತಿಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು, ತಿನ್ನಲಿ ಬಿಡು ಅಂತ ಬಾಯಿ ನೋಯುವಷ್ಟು ಹೇಳಿದೆನಲ್ಲ, ನನ್ನ ಮಗನನ್ನು ನನಗೇ ಇಲ್ಲವೆನಿಸಿದೆಯಲ್ಲ ಮಾರಾಯ ಎಂದಳು. ಒಂದೊಂದು ಹೆಜ್ಜೆ ಊರುವಾಗಲೂ ಒಂದು ಕ್ಷಣ ಮಾತು ನಿಲ್ಲುತ್ತಿತ್ತು. ಮುದುಕಿಗೆ ಏದುಸಿರು ಎಂದುಕೊಂಡ ಮುಹರೆಮ್.

ಏನೂ ಆಗಲಿಲ್ಲ. ಮುಳ್ಳಿನ ಪೊದೆಯೊಳಗೆ ಹುಡುಗನ ಗೋರಿಕಲ್ಲು ವಾಲಿಕೊಂಡಿತ್ತು. ಅವಳು ಅದನ್ನು ತಬ್ಬಿಕೊಂಡು ಅಲ್ಲಿಯೇ ಕೂತಳು, ಆಗ ಅತ್ತಳು. ಗಂಡಸರು ಬೇರೆ ಕಡೆ ನೋಡುತ್ತ ಅಗೆದರು. ಮಣ್ಣು ಮುಚ್ಚಿದ ಮೇಲೆ ಇಮಾಮರು ಮತ್ತೆ ಕೇಳಿದರು. ಎಲ್ಲರೂ ಹಲಾಲ್ ಎಂದರು, ಮುಹರೆಮ್ ಗುದ್ದಲಿಯ ಮಣ್ಣು ಕೆರೆಯುತ್ತ ನಿಂತಿದ್ದ. ಎರಡನೇ ಸಲವೂ ಹಾಗೆಯೇ. ಮೂರನೆಯ ಸಲ, "ಹಲಾಲ್. ಹೋಗ್ಲಿ," ಎಂದ, ಗದ್ದೆಗೆ ನುಗ್ಗಿದ ದನವನ್ನು ಅಟ್ಟುವ ದನಿಯಲ್ಲಿ.

ಹಿಂದಿರುಗುವಾಗ ಅವರಿಗೆಲ್ಲ ಮೈ ಹಗುರವಾಗಿತ್ತು. ಹುಡುಗರ ಹಾಗೆ ತೋಟದ ತುಂಬ ಚೆದುರಿಕೊಂಡು ನಡೆದರು. ಒಬ್ಬ ಸಿಗರೇಟು ಹಚ್ಚಿದ. ಇನ್ನೊಬ್ಬ ತಮ್ಮಮ್ಮನನ್ನೂ ಇಲ್ಲಿಗೇ ತರಬೇಕು ಎಂದ. ಮುಹರೆಮ್ ಎಲ್ಲರಿಗಿಂತ ದೂರ, ಯಾರೂ ತುಳಿಯದ ಹಿಮದಲ್ಲಿ, ಮರಗಳ ಕೊಂಬೆ ಮುಟ್ಟಿ ನೋಡುತ್ತ ಹೋಗುತ್ತಿದ್ದ. ಮುದುಕಿ ಬಂದಳೋ ಇಲ್ಲವೋ ಎಂದು ತಿರುಗಿ ನೋಡಿದ.

ಅಲ್ಮಾಸಾ ಬರುತ್ತಿದ್ದಳು. ಕೋಟಿನ ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಣ್ಣನ್ನು ನೆಲದಿಂದ ಕೀಳದೆ, ಹೋಗುವಾಗ ತಾನು ಊರಿದ್ದ ಹೆಜ್ಜೆಯ ಮೇಲೆಯೇ ಹೆಜ್ಜೆಯಿಡುತ್ತಿದ್ದಳು. ಒಂದು ಗೇಣೂ ಅತ್ತಿತ್ತ ಸರಿಯುತ್ತಿರಲಿಲ್ಲ.

ಮುಹರೆಮ್ ಎತ್ತಿದ ಕಾಲನ್ನು ಎತ್ತಿದ ಹಾಗೆಯೇ ಹಿಡಿದು, ಪ್ಲಮ್ ಮರಕ್ಕೆ ಆತು ನಿಂತುಬಿಟ್ಟ.