ಬಾಣಂತಿ ಕೋಣೆಯ ಅಗ್ಗಿಷ್ಟಿಕೆ

ಮಾಘ ಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಬಿಸಿಲು ಅಂಗಳಕ್ಕೆ ಬೀಳುವ ಹೊತ್ತಿಗೆ ಕುಂಬಾರ ಮಲ್ಲೇಶಪ್ಪ ನನ್ನನ್ನು ತಿಗರಿಯಿಂದ ಇಳಿಸಿದ. ನಾನೊಂದು ಮಣ್ಣಿನ ಅಗ್ಗಿಷ್ಟಿಕೆ. ಬಾಣಂತಿ ಕೋಣೆಯಲ್ಲಿ ಕೆಂಡ ಹೊತ್ತು ಕೂಡುವುದು ನನ್ನ ಕೆಲಸ.

ಗುಳೇದಗುಡ್ಡದ ನೇಕಾರರ ಓಣಿಯ ಸಂಕವ್ವ ನನ್ನನ್ನು ಕೊಂಡಳು. ಆಕೆಯ ಸೊಸೆಯ ಬಾಣಂತನ ಮುಗಿದ ಮೇಲೆ ಓಣಿಯ ಮಂದಿಯೂ ಕೇಳಿ ಒಯ್ದರು. ಆರು ಕೂಸುಗಳಿಗೆ ನನ್ನ ಲೋಬಾನದ ಹೊಗೆ ತಾಗಿತು. ಆರೂ ಗಟ್ಟಿಮುಟ್ಟಾಗಿ ಬೆಳೆದವು. ಅದು ನನ್ನಿಂದಲೇ ಎಂದು ಜಂಬಪಟ್ಟೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಹೆರಿಗೆಗೆಂದು ತವರಿಗೆ ಬಂದ ಸಂಕವ್ವನ ಮಗಳು ಕಸ್ತೂರಿ, ಏಳನೆಯ ತಿಂಗಳಲ್ಲಿ ಫ್ಲೂ ಜ್ವರ ಹಿಡಿದು, ಎಂಟು ದಿನ ಆಸ್ಪತ್ರೆಯಲ್ಲಿ ಉಸಿರಿಗೆ ಬಡಿದಾಡಿದಳು. ಕೂಸು ತಿಂಗಳು ಮೊದಲೇ ಹುಟ್ಟಿತು. ತೂಕ ಎರಡು ಕಿಲೋ ಇರಲಿಲ್ಲ. ಆಶಾ ಕಾರ್ಯಕರ್ತೆ ರೇಣುಕಕ್ಕ ಮನೆಗೇ ಬಂದು, ಎದೆಗೆ ಅವಚಿಕೊಂಡು ಬೆಚ್ಚಗಿಡಿ, ತಾಯಿ ಹಾಲಷ್ಟೇ ಕೊಡಿ, ಹೊಗೆ ಮಾತ್ರ ಬೇಡವೇ ಬೇಡ ಎಂದಳು. ಸಂಕವ್ವ ಹೂಂಗುಟ್ಟಿ, ಚಹಾ ಕುಡಿಸಿ ಕಳಿಸಿದಳು.

ಆಕೆ ಅತ್ತ ಹೋದಳು, ಇತ್ತ ನನ್ನೊಳಗೆ ಕೆಂಡ ಬಿತ್ತು.

“ಬಸರಾಗ ನೀ ಕೆಮ್ಮಿದ್ದು ಕೂಸಿನ ಎದ್ಯಾಗ ಕುಂತೈತಿ. ಹೊಗಿ ಕೊಟ್ರ ಹೊರಗ ಬರತೈತಿ,” ಅಂದಳು ಸಂಕವ್ವ.

“ರೇಣುಕಕ್ಕ ಬ್ಯಾಡಂದಾಳಬೇ.”

“ಆಕಿ ಎಷ್ಟು ಹಡದಾಳ? ಒಂದ. ನಾ ಐದು.”

ಕಸ್ತೂರಿ ಕೂಸನ್ನು ಕೊಟ್ಟಳು. ಅವಳ ಕೆಮ್ಮಿನಿಂದಲೇ ಕೂಸಿಗೆ ಹೀಗಾಯಿತೆಂದು ಓಣಿಯೆಲ್ಲ ಆಡಿಕೊಂಡದ್ದರಿಂದ ಆಕೆ ತಲೆ ಎತ್ತದಂತಾಗಿದ್ದಳು.

ಉಳಿದ ಕೂಸುಗಳಿಗೆ ಒಂದು ಚಿಟಿಕೆ ಲೋಬಾನ, ಇದಕ್ಕೆ ಮೂರು. ನೀರೆರೆದ ಮೇಲೆ ಸಂಕವ್ವ ಕೂಸನ್ನು ನನ್ನ ಮೇಲೆ ಹಿಡಿದಳು. ಸೀನಿತು. ಮೂಗಿನ ಹೊಳ್ಳೆ ಅರಳಿದವು, ಉಸಿರೆಳೆದಾಗ ಪಕ್ಕೆ ಗುಳಿಬಿದ್ದವು. ಮೂರನೆಯ ದಿನ ಮೊಲೆ ಹಿಡಿಯಲಿಲ್ಲ, ತುಟಿ ನೀಲಿಗಟ್ಟಿತು. ನಾನು ಹೊಗೆ ಕಾರುತ್ತಲೇ ಇದ್ದೆ.

ಕೂಸನ್ನು ಕಸಿದುಕೊಂಡು ಆಸ್ಪತ್ರೆಗೆ ಹೊರಟ ಮಗಳನ್ನು ಸಂಕವ್ವ ಬಾಗಿಲಲ್ಲಿ ತಡೆದಳು. “ಹೊಗಿ ಹಾಕಿದ್ದು ಡಾಕ್ಟರಗ ಹೇಳಬ್ಯಾಡ. ಮಾನ ಹೋಗತೈತಿ.”

“ನನ್ನ ಮಾನ ಎಂದೋ ಹೋಗೇತಿ. ನಾ ಹೇಳಾಕಿ.”

ಹೇಳಿದಳು. ಹನ್ನೆರಡು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಕೂಸು ಉಳಿಯಿತು. ಜ್ವರ ಬಂದದ್ದು ನಿನ್ನ ತಪ್ಪಲ್ಲವೆಂದು ಡಾಕ್ಟರು ಕಸ್ತೂರಿಗೆ ಅಂದರಂತೆ. ರೇಣುಕಕ್ಕ ಇದನ್ನು ಓಣಿಗೆಲ್ಲ ಕೇಳುವಂತೆ ಅಂಗಳದಲ್ಲಿ ನಿಂತು ಹೇಳಿದಳು.

ನಾನೀಗ ಬಚ್ಚಲ ಗೋಡೆಯ ಹಿಂದೆ ಬೋರಲು ಬಿದ್ದಿದ್ದೇನೆ. ಪಕ್ಕದ ಮನೆಯಾಕೆ ಕೇಳಿಕೊಂಡು ಬಂದಾಗ ಸಂಕವ್ವ ಕೊಡಲಿಲ್ಲ. ಯಾಕೆಂಬುದನ್ನು ತಲೆ ತಗ್ಗಿಸಿ ತಾನೇ ಹೇಳಿದಳು. ನನಗೆ ತಗ್ಗಿಸಲು ತಲೆಯಿಲ್ಲ.

ಐದು ತಿಂಗಳ ಬಾಣಂತನ ಮೂರಕ್ಕೇ ಮುಗಿಯಿತು. ಮನೆಯ ಲಕ್ಷ್ಮಿ ಹೋದಾಳೆಂದು ನಮ್ಮ ಓಣಿಯಲ್ಲಿ ಶುಕ್ರವಾರ ಮಗಳನ್ನು ತವರಿನಿಂದ ಕಳಿಸುವುದಿಲ್ಲ. ಇಂದು ಬ್ಯಾಡ ಅನ್ನಲು ಸಂಕವ್ವನಿಗೆ ಬಾಯಿ ಬರಲಿಲ್ಲ. ಕಸ್ತೂರಿ ಕೂಸನ್ನೆತ್ತಿಕೊಂಡು ಶುಕ್ರವಾರವೇ ಹೋದಳು.