ಉಡಿದಾರದ ಕೆಳಗೆ

ಕ್ಷೌರಿಕ ಕುಪ್ಪಸಾಮಿ ಹೆಣದ ಉಡಿದಾರಕ್ಕೆ ಕತ್ತರಿ ಹಾಕಿದ. ಹುಟ್ಟಿದಾಗಿನಿಂದ ಗಂಡಸಿನ ಸೊಂಟ ಬಿಡದ ದಾರವನ್ನು ಸತ್ತ ದಿನ ತೆಗೆಯುವುದು ವಾಡಿಕೆ. ಬೆನ್ನು ತೊಳೆಯಲೆಂದು ವೆಲ್ಲಿಂಗಿರಿಯನ್ನು ಮಗ್ಗುಲಿಗೆ ಹೊರಳಿಸಿದರು. ಕೊಡ ಹಿಡಿದು ನಿಂತಿದ್ದ ಹೆಂಡತಿ ನಾಚಿಯಮ್ಮ ಆಗ ಕಂಡಳು. ದಾರ ಕೂತಿದ್ದ ಜಾಗದಲ್ಲಿ ಕಪ್ಪನೆಯ ಹಕ್ಕಳೆ, ಬೀಡಿಯಿಂದ ಸುಟ್ಟ ಹಾಗೆ.

ಕೊಡ ಕೈಜಾರಿತು. ದುಃಖಕ್ಕೆ ಹೀಗಾಯಿತೆಂದು ನಾದಿನಿ ರಾಮಾತಾಳ್ ಅವಳನ್ನು ಜಗಲಿಗೆ ಕರೆದೊಯ್ದಳು.

* * *

ತುಡಿಯಲೂರಿನಾಚೆಯ ಸಂಶೋಧನಾ ಲ್ಯಾಬಿನಲ್ಲಿ ವೆಲ್ಲಿಂಗಿರಿ ಅಟೆಂಡರ್. ಆಡು, ನಾಯಿ, ಎಮ್ಮೆಗಳ ಮೈಯಿಂದ ರಕ್ತ ಹೀರುವ ಉಣುಗುಗಳನ್ನು ಚಿಮಟದಲ್ಲಿ ಕಿತ್ತು ಸೀಸೆಗೆ ಹಾಕಿ ಡಾಕ್ಟರ್ ಚೆನ್ನಕೇಶವನ್ ಅವರ ಮೇಜಿಗೆ ಮುಟ್ಟಿಸುವುದು, ಹದಿನಾಲ್ಕು ವರ್ಷ ಅದೊಂದೇ ಕೆಲಸ. ಅವು ಕಚ್ಚಿದರೆ ಮನುಷ್ಯನಿಗೆ ಬರುವ ಜ್ವರದ ಬೆನ್ನು ಹತ್ತಿದ್ದವರು ಡಾಕ್ಟರು. ಊರವರು ಇವನನ್ನು ಉಣುಗು ಆಫೀಸರ್ ಎಂದು ಆಡಿಕೊಂಡರೆ ಪುಣ್ಯಾತ್ಮನಿಗೆ ಅದೂ ಹೆಮ್ಮೆಯೇ.

“ಜ್ವರ ಅಂತ ಮಲಗಿದೋರ ಬಟ್ಟೆ ಬಿಚ್ಚಿ ಹುಡುಕಬೇಕು ಅಮ್ಮಣಿ,” ಎನ್ನುತ್ತಿದ್ದ. “ಕಪ್ಪು ಹಕ್ಕಳೆ ಸಿಕ್ಕಿದ್ರೆ ಅದಕ್ಕೆ ಮಾತ್ರೆ ಇದೆ, ಆಳು ಬದುಕ್ಕೊತಾನೆ. ಅದು ನೋಯದಿಲ್ಲ. ಅದೇ ಮೋಸ.”

ನೋಯದ ಗಾಯಕ್ಕೂ ಒಂದು ಪುರಾಣವೇ ಎಂದು ನಾಚಿಯಮ್ಮ ನಕ್ಕಿದ್ದಳು.

ಹನ್ನೊಂದು ದಿನದ ಹಿಂದೆ ಅವನೇ ಮಲಗಿದ. ಡಾಕ್ಟರು ಮದ್ರಾಸಿಗೆ ಹೋಗಿದ್ದರು. ಬೇರೊಬ್ಬರು ನೋಡಿ ಟೈಫಾಯಿಡ್ ಎಂದರು. ಬಡಬಡಿಸುತ್ತಿದ್ದವನ ಉಡಿದಾರಕ್ಕೆ ನಾಚಿಯಮ್ಮ ಮಂತ್ರಿಸಿದ ತಾಯತ ಕಟ್ಟುವಾಗ ಬೆರಳಿಗೆ ಏನೋ ಒರಟಾಗಿ ತಗುಲಿತ್ತು. ದಾರ ಉಜ್ಜಿದ ಗಾಯವೆಂದು ಪಂಚೆಯೊಳಗೇ ಕೈಯಾಡಿಸಿ ಅರಿಶಿನ ಹಚ್ಚಿ, ದಾರವನ್ನು ಅದರ ಮೇಲೆಯೇ ಬಿಗಿದಳು. ಬಿಚ್ಚಿ ನೋಡಲಿಲ್ಲ. ಹೆಂಡತಿಯಾದರೂ ನಾಚಿಕೆ.

* * *

ಹಗಲು ಕಂಡ ಬಾವಿಗೇ ಇರುಳು ಬಿದ್ದೆನಲ್ಲ ಎಂದು ನಾಚಿಯಮ್ಮ ಎದೆ ಬಡಿದುಕೊಂಡಳು. ಆಮೇಲೆ ಕೈ ಹಾಗೇ ನಿಂತಿತು. ಒಳಗೆ ಮಗಳು ಸುಶೀಲ ನಿನ್ನೆಯಿಂದ ಚಾಪೆ ಹಿಡಿದಿದ್ದಳು. ಅತ್ತು ಅತ್ತು ಮೈ ಕಾದಿದೆ ಎಂದು ರಾಮಾತಾಳ್ ಹೇಳಿದ್ದಳು. ಅಪ್ಪನ ಲ್ಯಾಬಿನ ಬಟ್ಟೆ ಒಗೆಯುತ್ತಿದ್ದವಳು ಈ ಹುಡುಗಿಯೇ.

ನಾಚಿಯಮ್ಮ ಒಳಗೆ ಹೋಗಿ ಅಗುಳಿ ಹಾಕಿದಳು. ಕೂದಲ ಬುಡ ನೋಡಿದಳು, ಕಂಕುಳು ನೋಡಿದಳು. ಬೇಡಮ್ಮ ಎಂದು ಸುಶೀಲ ಲಂಗ ಬಿಗಿಹಿಡಿದಳು. ತಾಯಿ ಬಿಡಲಿಲ್ಲ.

“ಚಟ್ಟ ಎತ್ತುತಾರೆ ಅತ್ತಿಗೆ,” ರಾಮಾತಾಳ್ ಬಾಗಿಲು ಬಡಿದಳು. “ಒಂದ್ಸಲ ಮುಖ ನೋಡು ಬಾ. ಇನ್ನು ಸಿಗದಿಲ್ಲ.”

ತಾಯಿ ಲಂಗ ಮೇಲೆ ಸರಿಸಿದಳು. ಮೊಣಕಾಲಿನ ಹಿಂದೆ ಕಪ್ಪಗೆ ಕೂತಿತ್ತು. ನಾಚಿಯಮ್ಮ ಹೆಬ್ಬೆರಳಿನಿಂದ ಒತ್ತಿದಳು.

“ನೋಯ್ತದಾ ಕಂದ?”

“ಇಲ್ಲಮ್ಮ.”

ಬಾಗಿಲು ತೆಗೆದಾಗ ಅಂಗಳ ಬರಿದಾಗಿತ್ತು. ತಮಟೆಯ ಸದ್ದು ಮೇಟುಪಾಳ್ಯಂ ರಸ್ತೆಯ ಕಡೆ ಸಾಗಿತ್ತು. ಹೆಂಗಸರು ಬೀದಿಯ ತುದಿಗೇ ನಿಲ್ಲಬೇಕು. ನಾಚಿಯಮ್ಮ ನಿಲ್ಲದೆ ಓಡಿದಳು. ಗಂಡನ ಮುಖ ನೋಡಲು ಬಂದಳೆಂದು ಗಂಡಸರು ಮರುಗಿ ದಾರಿ ಬಿಟ್ಟರು.

ಬೆಳಿಗ್ಗೆಯಷ್ಟೇ ಮದ್ರಾಸಿನಿಂದ ಬಂದಿದ್ದ ಡಾಕ್ಟರು ಮುಂದಿನ ಬೊಂಬಿಗೆ ಹೆಗಲು ಕೊಟ್ಟಿದ್ದರು. ಅವಳು ಗಂಡನತ್ತ ತಿರುಗದೆ ಅವರ ಕೈಯನ್ನು ಬೊಂಬಿನಿಂದ ಕಿತ್ತಳು. ಚಟ್ಟ ಒಂದು ಕಡೆಗೆ ವಾಲಿ, ಹೆಣದ ಮೇಲಿನ ಸೇವಂತಿಗೆ ಹಾರ ರಸ್ತೆಗೆ ಜಾರಿತು. ಅದನ್ನು ತುಳಿದುಕೊಂಡೇ ನಾಚಿಯಮ್ಮ ಡಾಕ್ಟರನ್ನು ಮನೆಯ ಕಡೆಗೆ ಎಳೆದುಕೊಂಡು ಹೋದಳು.