ಎದೆಯ ಮೇಲಿನ ನಗು

ಮಕ್ಕಳ ಆಟದ ಮರಳಿಗೆ ದಿನವೂ ನೀರು ಚಿಮುಕಿಸತಕ್ಕದ್ದು ಎಂದಿತ್ತು ಸೋಮವಾರದ ಸುತ್ತೋಲೆ. ಮರಳು ಯಾವ ಕಾರಣಕ್ಕೂ ಒದ್ದೆಯಾಗಕೂಡದು ಎಂದಿತ್ತು ಗುರುವಾರದ್ದು. ಎರಡರ ಕೆಳಗೂ ಒಂದೇ ಸಹಿ. ಮೇಲ್ವಿಚಾರಕಿ ಎರಡನ್ನೂ ಒಂದೇ ಗುಂಡುಸೂಜಿಗೆ ಸಿಕ್ಕಿಸಿ ಗೋಡೆಯ ಹಲಗೆಗೆ ಚುಚ್ಚಿದಳು. ಮರಳಿನ ತೊಟ್ಟಿಗೆ ಮುಚ್ಚಳ ಹಾಕಿಸಿದಳು. ಮುಚ್ಚಳದ ಮೇಲೆ ಮಕ್ಕಳು ಕೂರಬಹುದೋ ಕೂರಬಾರದೋ ಎಂದು ಯಾರೂ ಬರೆದಿರಲಿಲ್ಲ. ನಾಳೆ ಬರೆಯುತ್ತಾರೆ.

ಅವಳ ತಲೆ ಚಿಟ್ಟು ಹಿಡಿದಿತ್ತು. ರೋಗ ಬಂದು ಹನ್ನೊಂದು ತಿಂಗಳು. ಈ ಹನ್ನೊಂದು ತಿಂಗಳಲ್ಲಿ ಶಿಶುಪಾಲನಾ ಕೇಂದ್ರದ ಒಂದು ಮಗುವಿಗೂ ಸೋಂಕು ತಗುಲಿರಲಿಲ್ಲ. ಅದಕ್ಕಾಗಿ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಬಟ್ಟೆಯ ಗೊಂಬೆಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿಸಿದ್ದಳು. ಹಾಡು ನಿಲ್ಲಿಸಿದ್ದಳು, ಹಾಡಿದರೆ ಉಗುಳು ಹಾರುತ್ತದೆ. ಗೇಟಿನ ಕಾವಲುಗಾರ ಜ್ವರ ನೋಡುವ ಯಂತ್ರವನ್ನು ಪುಟ್ಟ ಹಣೆಗಳಿಗೆ ಹಿಡಿಯುವಾಗ, ಮಕ್ಕಳು ಅಳದಿರಲೆಂದು ಬಾಯಲ್ಲಿ ‘ಢಿಶುಂ’ ಅನ್ನುತ್ತಿದ್ದ. ಅದನ್ನೂ ನಿಲ್ಲಿಸಿದ್ದಳು. ಈಗ ಅವನು ಸುಮ್ಮನೆ ಹಿಡಿಯುತ್ತಾನೆ, ಮಕ್ಕಳು ಸುಮ್ಮಸುಮ್ಮನೆ ಅಳುತ್ತವೆ.

“ಮೇಡಂ, ಬಟಾಣಿ ಬಂದ್ಲು,” ಎಂದು ಕಾವಲುಗಾರ ಕೂಗಿದ.

ಬಟಾಣಿ ಅಂದರೆ ಎರಡೂವರೆ ವರ್ಷದ ಹೆಣ್ಣುಮಗು. ದುಂಡಗೆ ಇದ್ದಾಗ, ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮ ಇಟ್ಟ ಹೆಸರು. ಈಗ ಹೆಸರು ಮಾತ್ರ ದುಂಡಗಿತ್ತು. ಗೇಟಿನಾಚೆ, ನೆಲಕ್ಕೆ ಬಳಿದ ಹಳದಿ ಗೆರೆಯ ಹಿಂದೆ, ತಾಯಿ ಮಗುವನ್ನು ಇಳಿಸಿ ನಿಂತಿದ್ದಳು. ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ ಅವಳದು. ಹನ್ನೊಂದು ತಿಂಗಳಿಂದ ರಜೆಯ ಮುಖ ನೋಡಿರಲಿಲ್ಲ.

“ರಾತ್ರಿ ಒಂಚೂರು ಹಾಲು ಕುಡಿದಳು ಮೇಡಂ. ಅಷ್ಟೇ.”

“ಇಲ್ಲಿ ಅದೂ ಇಲ್ಲ. ಇವತ್ತಿಗೆ ಹನ್ನೆರಡು ದಿನ.”

“ಇವತ್ತೂ ತಿನ್ನಲಿಲ್ಲ ಅಂದ್ರೆ?”

“ಡಾಕ್ಟರು ಬರೆದಿದ್ದಾರಲ್ಲ. ತೂಕ ಇಳೀತಿರೋ ಮಗೂನ ನಾವು ಇಟ್ಕೊಳ್ಳೋ ಹಾಗಿಲ್ಲ. ನಾಳೆಯಿಂದ ಮನೇಲೇ...”

“ಮನೇಲಿ ಯಾರಿದ್ದಾರೆ?”

ಮೇಲ್ವಿಚಾರಕಿ ಕೈಯಲ್ಲಿದ್ದ ರಿಜಿಸ್ಟರ್ ನೋಡಿದಳು. ಬಟಾಣಿಯ ಹೆಸರಿನ ಮುಂದೆ ‘ಹಾಜರು’ ಎಂದು ಬರೆದಳು.

“ಆಯಮ್ಮ ಯಾವಾಗ ಬರ್ತಾರೆ?”

“ಹದಿನಾಲ್ಕು ದಿನ ಆಗ್ಬೇಕು.”

“ಅವ್ರಿಗೆ ಏನೂ ಇಲ್ಲ ಅಂತ ರಿಪೋರ್ಟ್ ಬಂದಿದೆಯಂತಲ್ಲ.”

“ಕೆಮ್ಮಿದ್ರೆ ಹದಿನಾಲ್ಕು ದಿನ. ರಿಪೋರ್ಟ್ ಏನಾದ್ರೂ ಬರ್ಲಿ.”

ಹೇಳಿದವಳಿಗೇ ಅದು ಹಲಗೆಯ ಮೇಲಿನ ಕಾಗದ ಓದಿದ ಹಾಗೆ ಕೇಳಿಸಿತು. ಆಯಮ್ಮ ಕೆಮ್ಮಿದ್ದು ಎರಡೇ ಸಲ. ನೆಲ ಒರೆಸುವ ಔಷಧಿಯ ಘಾಟು ಮೇಡಂ, ಅಂದಿದ್ದಳು. ಇರಬಹುದು. ಔಷಧಿಯನ್ನು ಎರಡು ಪಟ್ಟು ಮಾಡಿಸಿದವಳೂ ಮೇಲ್ವಿಚಾರಕಿಯೇ. ಆದರೂ ಹತ್ತು ನಿಮಿಷದಲ್ಲಿ ಅವಳನ್ನು ಮನೆಗೆ ಕಳಿಸಿದ್ದಳು. ಆಗ ಬಟಾಣಿ ಆಯಮ್ಮನ ತೊಡೆಯ ಮೇಲೆ ಕುಳಿತು ಊಟ ಮಾಡುತ್ತಿದ್ದಳು. ತುತ್ತು ಇನ್ನೂ ಬಾಯಲ್ಲೇ ಇತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಗೂಟಕ್ಕೊಂದರಂತೆ ಆಕಾಶನೀಲಿ ಗೌನುಗಳು. ಎಲ್ಲ ಒಂದೇ ಅಳತೆ. ಗೌನು, ತಲೆಗೆ ಟೊಪ್ಪಿ, ಬಾಯಿಗೆ ಮಾಸ್ಕು, ಅದರ ಮುಂದೆ ಪ್ಲಾಸ್ಟಿಕ್ ಪರದೆ. ಇಷ್ಟು ತೊಟ್ಟ ಮೇಲೆ ಯಾರು ಯಾರೆಂದು ದೇವರಿಗೇ ಗೊತ್ತು. ಮೊದಲ ವಾರ ಮಕ್ಕಳು ಹೆದರಿ ಕಿರುಚಿದಾಗ ಉಪಾಯ ಹೊಳೆದದ್ದು ಅವಳಿಗೇ. ಪ್ರತಿಯೊಬ್ಬರೂ ತಮ್ಮ ನಗುವ ಫೋಟೋವನ್ನು ಅಂಗೈ ಅಗಲಕ್ಕೆ ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ, ಎದೆಗೆ ಸಿಕ್ಕಿಸಿಕೊಳ್ಳಬೇಕು. ಮುಖ ಮುಚ್ಚಿದ್ದರೂ ನಗು ಕಾಣಬೇಕು. ಮೇಲಿನ ಕಚೇರಿ ಮೆಚ್ಚಿಕೊಂಡಿತ್ತು. ಎಲ್ಲ ಕೇಂದ್ರಗಳಿಗೂ ಸುತ್ತೋಲೆ ಹೋಗಿತ್ತು. ಆ ಒಂದು ಸುತ್ತೋಲೆಯನ್ನು ಮಾತ್ರ ಅವಳು ಎರಡು ಸಲ ಓದಿದ್ದಳು.

ಅವಳು ಓದಿದವಳು. ಕೂಸು ತನ್ನನ್ನು ಸಾಕುವವರ ಮುಖವನ್ನು ಹೇಗೆ ಗುರುತು ಹಿಡಿಯುತ್ತದೆ ಎಂಬ ವಿಷಯದ ಮೇಲೆ ನೂರಿಪ್ಪತ್ತು ಪುಟದ ಪ್ರಬಂಧ ಬರೆದು ಪದವಿ ಪಡೆದವಳು. ಅವಳ ಫೋಟೋ ಗುರುತಿನ ಚೀಟಿಗೆಂದು ತೆಗೆಸಿದ್ದು. ‘ಸ್ವಲ್ಪ ನಗಿ ಮೇಡಂ’ ಎಂದು ಫೋಟೋದವನು ಮೂರು ಸಲ ಹೇಳಿದ ಮೇಲೆ ಬಂದ ನಗು. ಆಯಮ್ಮನ ಹತ್ತಿರ ಒಂದೇ ಒಂದು ಫೋಟೋ ಇತ್ತು, ಇಪ್ಪತ್ತು ವರ್ಷದ ಹಿಂದಿನದು. ಪಕ್ಕದಲ್ಲಿ ಯಾರೋ ಏನೋ ಹೇಳಿ ನಗಿಸಿದ್ದಾರೆ. ಕಣ್ಣು ಅರ್ಧ ಮುಚ್ಚಿಹೋಗಿ, ಒಂದರ ಮೇಲೊಂದು ಏರಿದ ಹಲ್ಲು ಕಾಣುತ್ತಿದೆ. ಇಷ್ಟು ಹಳೆಯದು ಬೇಡ ಎಂದಿದ್ದಳು ಮೇಲ್ವಿಚಾರಕಿ. ಬೇರೆ ಇಲ್ಲ ಮೇಡಂ, ಎಂದಿದ್ದಳು ಆಯಮ್ಮ.

ಫೋಟೋಗಳನ್ನು ಪ್ರತಿ ಸಂಜೆ ಸ್ಪಿರಿಟ್ ಹಾಕಿ ಒರೆಸಿ ತಟ್ಟೆಯಲ್ಲಿ ಇಡುವುದು ಪದ್ಧತಿ. ಆಯಮ್ಮ ಬರದೆ ಹನ್ನೆರಡು ದಿನವಾದರೂ ಅವಳದನ್ನೂ ಒರೆಸಿ ಇಡುತ್ತಲೇ ಇದ್ದರು. ಬೇಡವೆಂದು ಯಾರೂ ಹೇಳಿರಲಿಲ್ಲ.

ಗೌನು ತೊಡುತ್ತಿದ್ದಾಗ ಫೋನ್ ಬಂತು. ಮಗಳು.

“ಅಮ್ಮ, ಚಾರ್ಜರ್ ಎಲ್ಲಿಟ್ಟೆ?”

“ನಿನ್ನ ರೂಮಲ್ಲೇ ಇರುತ್ತೆ ನೋಡು. ತಿಂಡಿ ತಿಂದ್ಯಾ?”

“ಹ್ಞೂಂ.”

ಅಷ್ಟಕ್ಕೇ ಫೋನ್ ಇಟ್ಟಾಯಿತು. ಕಳೆದ ಭಾನುವಾರ ಇದೇ ಮಗಳು ಊಟದ ಮೇಜಿನ ಆಚೆ ಕುಳಿತು, ತಲೆ ಎತ್ತದೆ, ‘ನೀನು ಮಾಸ್ಕ್ ತೆಗೆದ್ರೂ ಹಾಕ್ಕೊಂಡ ಹಾಗೇ ಇರ್ತೀಯಮ್ಮ’ ಎಂದಿದ್ದಳು. ತಮಾಷೆಗೆ ಅಂದದ್ದು. ಗಂಡ ನಕ್ಕಿದ್ದ. ಅವಳೂ ನಗಬೇಕು ಅಂದುಕೊಳ್ಳುವಷ್ಟರಲ್ಲಿ ಮಾತು ಬೇರೆಲ್ಲಿಗೋ ಹೋಗಿತ್ತು. ಅದನ್ನೇ ಮೆಲುಕು ಹಾಕುತ್ತ ತಟ್ಟೆಯಿಂದ ಫೋಟೋ ತೆಗೆದು ಎದೆಗೆ ಸಿಕ್ಕಿಸಿಕೊಂಡಳು. ನೋಡಲಿಲ್ಲ. ಹನ್ನೊಂದು ತಿಂಗಳಿಂದ ಮಾಡುತ್ತಿದ್ದ ಕೆಲಸಕ್ಕೆ ಕಣ್ಣು ಬೇಕಾಗಿರಲಿಲ್ಲ.

ಬೆಳಗಿನ ಹೊತ್ತು ಫಾರಂ ತುಂಬುವುದರಲ್ಲಿ ಕಳೆಯಿತು. ಹೊಸ ಫಾರಂ. ‘ಮಕ್ಕಳು ಪರಸ್ಪರ ಮುಟ್ಟಿಕೊಂಡ ಸಂದರ್ಭಗಳು, ಸಂಖ್ಯೆಯಲ್ಲಿ.’ ಅವಳು ತಲೆ ಎತ್ತಿದಳು. ಕಿಟಕಿಯ ಹತ್ತಿರ ಒಬ್ಬ ಪೋರ ತಾನು ಚೀಪಿದ ಬಿಸ್ಕತ್ತನ್ನು ಪಕ್ಕದವಳ ಬಾಯಿಗೆ ಇಡುತ್ತಿದ್ದ. ಅವಳು ಅದನ್ನು ಎರಡು ಸಲ ಚೀಪಿ ವಾಪಸು ಕೊಟ್ಟಳು. ಮೇಲ್ವಿಚಾರಕಿ ಎದ್ದು ಇಬ್ಬರನ್ನೂ ದೂರ ಕೂರಿಸಿ, ಬಿಸ್ಕತ್ತನ್ನು ಕಸದ ಡಬ್ಬಕ್ಕೆ ಹಾಕಿ, ಕೈ ತೊಳೆದು ಬಂದು, ‘ಇಲ್ಲ’ ಎಂದು ಬರೆದಳು.

ಹನ್ನೆರಡಕ್ಕೆ ಊಟ. ಮಗುವಿಗೊಂದು ಪುಟ್ಟ ಮೇಜು, ಮೇಜಿನಿಂದ ಮೇಜಿಗೆ ಆರು ಅಡಿ. ಬೇಯಿಸಿ ಕಿವುಚಿದ ಆಲೂಗಡ್ಡೆ, ಕ್ಯಾರೆಟ್ಟು. ಬಟಾಣಿ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಇಷ್ಟು ದಿನ ಮೇಲ್ವಿಚಾರಕಿಯೇ ಚಮಚ ಹಿಡಿದು ಕೂರುತ್ತಿದ್ದಳು. ಗುಬ್ಬಿಗೊಂದು ತುತ್ತು, ಕಾಗೆಗೊಂದು ತುತ್ತು ಎಂದು ರಮಿಸಿದ್ದಳು. ಗದರಿದ್ದಳು. ಮಗು ಬಾಯಿಗೆ ಬೀಗ ಹಾಕಿಕೊಂಡಿತ್ತು. ನಿನ್ನೆ ಚಮಚ ಕಿತ್ತು ಎಸೆದಾಗ ಅವಳ ಪಿತ್ತ ನೆತ್ತಿಗೇರಿತ್ತು. ಎರಡೂವರೆ ವರ್ಷದ ಮಗುವಿನ ಮೇಲೆ ಹುಟ್ಟಿದ ಸಿಟ್ಟಿಗೆ ಅವಳಿಗೇ ನಾಚಿಕೆಯಾಗಿತ್ತು.

ಇವತ್ತು ಏನೂ ಹೇಳಲಿಲ್ಲ. ಹೇಳುವುದೆಲ್ಲ ಮುಗಿದಿತ್ತು. ತಟ್ಟೆ ಹಿಡಿದು ಸುಮ್ಮನೆ ನೆಲದ ಮೇಲೆ ಕುಳಿತಳು.

ಬಟಾಣಿ ತಿರುಗಿದಳು. ನೋಡಿದ್ದು ಮುಖವನ್ನಲ್ಲ, ಎದೆಯನ್ನು. ಎದ್ದಳು. ನೆಟ್ಟಗೆ ಬಂದು ಅವಳ ತೊಡೆ ಹತ್ತಿ ಕುಳಿತು ಬಾಯಿ ತೆರೆದಳು.

ಮೇಲ್ವಿಚಾರಕಿ ತಟ್ಟೆಯನ್ನು ನೆಲಕ್ಕಿಟ್ಟು ಚಮಚ ಎತ್ತಿಕೊಂಡಳು. ಒಂದು ಚಮಚ. ಎರಡು. ಮಗು ಅಗಿಯುತ್ತ ಎದೆಯ ಮೇಲಿನ ಫೋಟೋವನ್ನು ಬೆರಳಿನಿಂದ ಸವರುತ್ತಿತ್ತು. ಐದನೆಯ ಚಮಚದ ಹೊತ್ತಿಗೆ ಅವಳ ಕಣ್ಣು ತುಂಬಿತ್ತು. ಅಂತೂ ತನಗೆ ಒಲಿಯಿತು ಎಂಬ ಸಂತೋಷ.

“ಜಾಣೆ,” ಎಂದಳು.

ದನಿ ಕೇಳಿದ್ದೇ ಮಗು ಅಗಿಯುವುದನ್ನು ನಿಲ್ಲಿಸಿತು. ತಲೆಯೆತ್ತಿ ಪ್ಲಾಸ್ಟಿಕ್ ಪರದೆಯೊಳಗೆ ಇಣುಕಿತು. ಹುಬ್ಬು ಗಂಟಿಕ್ಕಿತು. ಆಮೇಲೆ ಮತ್ತೆ ಎದೆಯನ್ನು ನೋಡಿ ಸಮಾಧಾನಪಟ್ಟುಕೊಂಡಿತು.

ಅವಳೂ ತಲೆ ಬಗ್ಗಿಸಿ ನೋಡಿಕೊಂಡಳು. ತೊಟ್ಟವರಿಗೆ ಫೋಟೋ ಯಾವಾಗಲೂ ತಲೆಕೆಳಗೆ. ತಲೆಕೆಳಗಾಗಿದ್ದರೂ ಆ ಏರಿದ ಹಲ್ಲು ಗುರುತು ಸಿಕ್ಕಿತು. ಆಯಮ್ಮನ ಫೋಟೋ.

ಕಿತ್ತು ಹಾಕಬೇಕು ಅನ್ನಿಸಿತು. ತಟ್ಟೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಅವಳು ಬಾಯಿ ಮುಚ್ಚಿಕೊಂಡು ಆರನೆಯ ಚಮಚ ತುಂಬಿದಳು.

ತಟ್ಟೆ ಒಯ್ಯಲು ಬಂದ ಕಿರಿಯ ಟೀಚರ್ ಖಾಲಿ ತಟ್ಟೆ ನೋಡಿದಳು, ಮಗುವನ್ನು ನೋಡಿದಳು, ಆಮೇಲೆ ಫೋಟೋ ನೋಡಿದಳು.

“ಮೇಡಂ, ಇದು ನಿಮ್ಮದಲ್ಲ...”

“ಗೊತ್ತು.”

“ನಿಮ್ಮದು ತಂದ್ಕೊಡ್ಲಾ?”

“ಇರ್ಲಿ. ಸಂಜೆವರೆಗೆ.”

ರಿಜಿಸ್ಟರಿನಲ್ಲಿ ಬರೆದಳು: ಊಟ, ಪೂರ್ತಿ. ಮುಂದಿನ ಅಂಕಣ ‘ಉಣಿಸಿದವರು’. ಪೆನ್ನು ಅಲ್ಲೇ ನಿಂತಿತು. ಅಂಕಣ ಖಾಲಿ ಬಿಟ್ಟು, ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗೆ ಇಟ್ಟಳು.

ಮೂರು ಗಂಟೆಗೆ ಕಾವಲುಗಾರ ಬಾಗಿಲಿಗೆ ಬಂದ. “ಆಯಮ್ಮ ಬಂದಿದ್ದಾರೆ ಮೇಡಂ. ಗೆರೆ ದಾಟಿಲ್ಲ.”

ಅವಳು ಹೊರಟವಳು ಹೊಸ್ತಿಲಲ್ಲಿ ನಿಂತು ರಿಜಿಸ್ಟರನ್ನು ಎದೆಗೆ ಅವುಚಿಕೊಂಡಳು. ಫೋಟೋ ಮರೆಯಾಯಿತು. ಹೀಗೇಕೆ ಮಾಡಿದೆ ಎಂದು ತನ್ನನ್ನು ಕೇಳಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಬಟಾಣಿ ಗೌನಿನ ಅಂಚು ಹಿಡಿದು ಹಿಂದೆಯೇ ಬಂದಳು. ಮಧ್ಯಾಹ್ನದಿಂದ ಬಿಟ್ಟಿರಲೇ ಇಲ್ಲ.

ಗೌನಿಲ್ಲದ, ಟೊಪ್ಪಿಯಿಲ್ಲದ ಆಯಮ್ಮ ಯಾರೋ ಬೇರೆ ಹೆಂಗಸಿನ ಹಾಗಿದ್ದಳು. ಬರೀ ಮಾಸ್ಕು ಕಟ್ಟಿಕೊಂಡಿದ್ದಳು. ತಲೆ ಪೂರ್ತಿ ನರೆತಿತ್ತು. ಕೈಯಲ್ಲಿ ಮಡಿಸಿದ ಕಾಗದ.

“ಏನೂ ಇಲ್ಲ ಅಂತ ಬರೆದಿದ್ದಾರೆ ಮೇಡಂ.” ದನಿ ಒಡೆದು ಗೊರಗೊರ ಅನ್ನುತ್ತಿತ್ತು. “ನೆಗಡಿ ಅಷ್ಟೇ. ಗಂಟಲು ಕಟ್ಟಿದೆ.”

“ಇನ್ನೂ ಎರಡು ದಿನ ಇದೆ.”

“ಮೇಲಿನವರು ಏಳೇ ದಿನ ಸಾಕು ಅಂದಿದ್ದಾರಂತೆ.”

“ನಮ್ಮಲ್ಲಿ ಹದಿನಾಲ್ಕು.”

ಹದಿನಾಲ್ಕು ಮಾಡಿದವಳು ತಾನೇ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಆಯಮ್ಮನಿಗೆ ಗೊತ್ತಿತ್ತು.

“ಸರಿ ಬಿಡಿ, ಒಳಗೆ ಬರಲ್ಲ. ಮಗು ತಿಂತಿಲ್ಲ ಅಂತ ಅವ್ರಮ್ಮ ಫೋನ್ ಮಾಡಿ ಅತ್ರು. ಇಲ್ಲಿಂದಾನೇ ಮುಖ ತೋರಿಸಿ ಹೋಗೋಣ ಅಂತ ಬಂದೆ.”

“ಇವತ್ತು ತಿಂದ್ಲು.”

“ಹೌದಾ? ಯಾರ ಕೈಲಿ?”

“ತಿಂದ್ಲು ಆಯಮ್ಮ. ಪೂರ್ತಿ.”

ಆಯಮ್ಮನ ಕಣ್ಣು ಅರಳಿತು. ಮರುಗಳಿಗೆ ಯಾಕೋ ಕುಂದಿತು. ಅವಳು ಗೆರೆಯ ಆಚೆ ಮಂಡಿಯೂರಿ ಕುಳಿತು, “ಬಟಾಣೀ, ಯಾರು ಬಂದಿದ್ದಾರೆ ನೋಡೇ,” ಎಂದು ಮಾಸ್ಕನ್ನು ಗಲ್ಲಕ್ಕೆ ಇಳಿಸಿದಳು.

ಮಾಸ್ಕ್ ಏರಿಸಿ ಎಂದು ಗದರಬೇಕಿತ್ತು. ಮೇಲ್ವಿಚಾರಕಿ ಗದರಲಿಲ್ಲ. ಹನ್ನೊಂದು ತಿಂಗಳ ಮೇಲೆ ಅವಳೂ ಈ ಮುಖ ನೋಡುತ್ತಿದ್ದಳು. ಕೆನ್ನೆ ಒಳಕ್ಕೆ ಹೋಗಿತ್ತು. ನಕ್ಕಾಗ ಆ ಏರಿದ ಹಲ್ಲಿನ ಜಾಗ ಖಾಲಿ ಇತ್ತು.

ಬಟಾಣಿ ದಿಟ್ಟಿಸಿದಳು. ಅವಳ ತುಟಿ ಅದುರಿತು. ಹಿಂದೆ ಸರಿದು ಮೇಲ್ವಿಚಾರಕಿಯ ಕಾಲು ತಬ್ಬಿ, ಎತ್ತಿಕೋ ಎಂದು ಎರಡೂ ಕೈ ಚಾಚಿದಳು. ಎತ್ತಿಕೊಳ್ಳಬೇಕಾದರೆ ರಿಜಿಸ್ಟರ್ ಬಿಡಬೇಕು. ಬಿಟ್ಟಳು. ಮಗು ಫೋಟೋದ ಮೇಲೆ ಕೆನ್ನೆ ಒತ್ತಿ, ಗೇಟಿನ ಕಡೆ ಬೆರಳು ತೋರಿಸಿ, ಫೋಟೋಗೆ ಮಾತ್ರ ಕೇಳುವ ಹಾಗೆ ಪಿಸುಗುಟ್ಟಿತು.

“ಆಯಾ... ಗುಮ್ಮ.”

ಆಯಮ್ಮ ಫೋಟೋವನ್ನು ನೋಡಿದಳು, ಅದಕ್ಕೆ ಅಂಟಿದ್ದ ಕೆನ್ನೆಯನ್ನು ನೋಡಿದಳು. ಮಾಸ್ಕ್ ಏರಿಸಿಕೊಂಡಳು. ಎದ್ದು ಮಂಡಿಯ ಧೂಳು ಕೊಡವಿದಳು.

“ಫೋಟೋ ತಟ್ಟೆಯಲ್ಲಿ ಅದಲುಬದಲಾಗಿತ್ತು,” ಎಂದಳು ಮೇಲ್ವಿಚಾರಕಿ. “ಬೇಕು ಅಂತ ಮಾಡಿದ್ದಲ್ಲ.”

“ಇರ್ಲಿ ಬಿಡಿ ಮೇಡಂ. ತಿಂದ್ಲಲ್ಲ.” ಆಯಮ್ಮ ಹೇಳಿದಳು, “ಆ ಫೋಟೋ ಚೆನ್ನಾಗಿ ಬಂದಿದೆ, ಅಲ್ವಾ.”

“ನಾಡಿದ್ದು ಬನ್ನಿ.”

ಆಯಮ್ಮ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ಕಾಗದವನ್ನು ಇನ್ನೊಂದು ಮಡಿಕೆ ಮಡಿಸಿಕೊಂಡು ಹೊರಟುಹೋದಳು. ತಿರುಗಿ ನೋಡಲಿಲ್ಲ.

ನಾಡಿದ್ದು ಬಂದರೆ ಈ ಫೋಟೋ ಯಾರು ಸಿಕ್ಕಿಸಿಕೊಳ್ಳಬೇಕು? ನಾಳೆ ಯಾರು? ಇದಕ್ಕೆ ಸುತ್ತೋಲೆ ಇರಲಿಲ್ಲ. ಬಂದಿದ್ದರೂ ಅದರ ಕೆಳಗೆ ಅದೇ ಸಹಿ ಇರುತ್ತಿತ್ತು.

ಐದಕ್ಕೆ ಗೌನು ಕಳಚುವ ಹೊತ್ತು. ಬಟಾಣಿ ಕೋಣೆಯ ಹೊಸ್ತಿಲಲ್ಲಿ ಕಾದು ನಿಂತಳು. ಮೇಲ್ವಿಚಾರಕಿ ಪರದೆ ತೆಗೆದಳು, ಟೊಪ್ಪಿ ತೆಗೆದಳು, ಗೌನು ಕಳಚಿ ಗೂಟಕ್ಕೆ ಹಾಕಿದಳು. ಫೋಟೋ ಅದರಲ್ಲೇ ಇತ್ತು. ಆಮೇಲೆ ಸುತ್ತಮುತ್ತ ನೋಡಿ, ಹನ್ನೊಂದು ತಿಂಗಳಲ್ಲಿ ಮೊದಲ ಸಲ ಮಗುವಿನ ಎದುರು ಮಾಸ್ಕ್ ಇಳಿಸಿದಳು. ಕುಕ್ಕರುಗಾಲಲ್ಲಿ ಕುಳಿತಳು.

“ನೋಡಿಲ್ಲಿ. ನಾನು ಕಣೇ ತಿನ್ಸಿದ್ದು,” ಎಂದಳು. ನಕ್ಕಳು ಕೂಡ. ಮೂರು ಸಲ ಹೇಳಿಸಿಕೊಳ್ಳದೆ ಬಂದ ನಗು. ಬಹಳ ದಿನದ ಮೇಲೆ ನಕ್ಕಿದ್ದಕ್ಕೆ ಕೆನ್ನೆ ನೋಯಿತು.

ಬಟಾಣಿ ಅವಳ ಹೆಗಲಿನಾಚೆ ಇಣುಕುತ್ತಿದ್ದಳು.

“ತಿಂದ್ಲಾ ಮೇಡಂ?” ಗೇಟಿನಿಂದ ತಾಯಿ ಕೂಗಿದಳು.

“ತಿಂದ್ಲು.”

“ಅಬ್ಬ. ಯಾರು ತಿನ್ಸಿದ್ರು?”

ಫ್ಯಾನಿನ ಗಾಳಿಗೆ ಗೂಟದ ಮೇಲಿನ ಗೌನು ಮೆಲ್ಲಗೆ ಉಬ್ಬಿತು. ಅದರ ಖಾಲಿ ತೋಳು ಒಮ್ಮೆ ಮೇಲೆದ್ದು ಇಳಿಯಿತು. ಬಟಾಣಿ ಕಿಲಕಿಲ ನಕ್ಕು ಅದಕ್ಕೆ ಟಾಟಾ ಮಾಡಿದಳು.